ತಾತ್ಕಾಲಿಕ ಉದ್ಯೋಗ: ಸೇರುವ ಮುನ್ನ ತಿಳಿಯಬೇಕಾದ ಸಂಗತಿಗಳು

ಲಕ್ಕೂರು (ಮಾಲೂರು ತಾ.): ವಿದ್ಯಾಭ್ಯಾಸ ಮುಗಿಸಿದ ಯುವಜನರು ಬಯಸಿದ ಹುದ್ದೆ ದೊರೆಯುವವರೆಗೆ ಜೀವನ ನಿರ್ವಹಣೆಗಾಗಿ ಸೇರುವ ಕೆಲಸವೇ ತಾತ್ಕಾಲಿಕ ಉದ್ಯೋಗ. ಮಾಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಲಕ್ಕೂರಿನಂತಹ ಊರುಗಳಲ್ಲಿ ಇದು ಮನೆಮನೆಯ ಪ್ರಶ್ನೆ. ಮಾಲೂರು ಮತ್ತು ನರಸಾಪುರದ ಕೈಗಾರಿಕಾ ಪ್ರದೇಶಗಳು, ಗಡಿಯಾಚೆಯ ಹೊಸೂರು ಹಾಗೂ ಬೆಂಗಳೂರು ನಗರ ಇಲ್ಲಿನವರಿಗೆ ಕೆಲಸದ ಬಾಗಿಲುಗಳಾಗಿವೆ. ಆದರೆ ಒಳಹೊಕ್ಕವರೆಲ್ಲರೂ ಮುಂದಿನ ಮೆಟ್ಟಿಲನ್ನು ಏರುವುದಿಲ್ಲ.

ಹಳೆಯ ನಿದರ್ಶನ

ಇದೇ ಸೀಮೆಯ ಮುಳಬಾಗಿಲಿನ ಡಿ.ವಿ.ಗುಂಡಪ್ಪನವರು ಮೆಟ್ರಿಕ್ಯುಲೇಷನ್‌ನಲ್ಲಿ ಅನುತ್ತೀರ್ಣರಾದ ಬಳಿಕ ಕೋಲಾರ ಚಿನ್ನದ ಗಣಿ ಪ್ರದೇಶದ ಸೋಡಾ ಕಾರ್ಖಾನೆಯಲ್ಲಿಯೂ, ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಬಳಿಯುವಲ್ಲಿಯೂ ದುಡಿದರು. ಅನಂತರ ಪತ್ರಿಕಾವೃತ್ತಿಗೆ ಬಂದು, 1913ರಲ್ಲಿ 'ಕರ್ಣಾಟಕ' ಪತ್ರಿಕೆಯನ್ನು ಆರಂಭಿಸಿದರು.

ಒಪ್ಪಂದದ ಪತ್ರ ಮುಖ್ಯ

ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್ 12ರಂದು ವೇತನದ ಅಸಮಾಧಾನ ದಾಂಧಲೆಗೆ ತಿರುಗಿತು. ಕೆಲವು ಕಾರ್ಮಿಕರಿಗೆ ವೇತನ ಸರಿಯಾಗಿ, ಸಕಾಲಕ್ಕೆ ಸಂದಾಯವಾಗಿರಲಿಲ್ಲವೆಂದು ಕಂಪನಿಯೇ ಬಳಿಕ ಒಪ್ಪಿಕೊಂಡಿತು. ಈ ಘಟಕವನ್ನು ಟಾಟಾ ಸಮೂಹ ಖರೀದಿಸುವುದಾಗಿ 2023ರಲ್ಲಿ ಪ್ರಕಟವಾಯಿತು. ಗುತ್ತಿಗೆಯಲ್ಲಿ ಸೇರುವವರು ವೇತನ ನೀಡುವವರು ಯಾರು, ಕಡಿತಗಳ ಬಳಿಕ ಕೈಗೆ ಬರುವ ಮೊತ್ತವೆಷ್ಟು, ಹೆಚ್ಚುವರಿ ದುಡಿಮೆಗೆ ದರವೇನು, ಬಿಡಲು ಎಷ್ಟು ದಿನದ ಮುನ್ಸೂಚನೆ ಬೇಕು ಎಂಬುದನ್ನು ಬರಹದಲ್ಲಿ ಪಡೆಯುವುದು ಲೇಸು. ಮೂಲ ಅಂಕಪಟ್ಟಿಗಳನ್ನು ಒತ್ತೆಯಂತೆ ಒಪ್ಪಿಸಬಾರದು. ಮುಂದಿನ ಸಂದರ್ಶನಕ್ಕೆ ಬೇಕಾಗುವುದು ಅವೇ.

ಭವಿಷ್ಯನಿಧಿ ಬಿಡಬೇಡಿ

ಭವಿಷ್ಯನಿಧಿಗೆ ನೌಕರನ ಸಾಮಾನ್ಯ ವಂತಿಗೆ ಶೇ 12. 2014ರಿಂದ ಜಾರಿಯಲ್ಲಿರುವ ಯುಎಎನ್ ಸಂಖ್ಯೆ ಉದ್ಯೋಗ ಬದಲಾದರೂ ಒಂದೇ ಆಗಿರುತ್ತದೆ. ಕೆಲಸ ಬಿಟ್ಟಾಗಲೆಲ್ಲ ಹಣ ಹಿಂಪಡೆಯುವ ಬದಲು ಹೊಸ ಖಾತೆಗೆ ವರ್ಗಾಯಿಸಿದರೆ ಹಿಂದಿನ ಸೇವಾವಧಿಯೂ ಲೆಕ್ಕಕ್ಕೆ ಸೇರುತ್ತದೆ. ಪಿಂಚಣಿಗೆ ಕನಿಷ್ಠ 10 ವರ್ಷಗಳ ಸೇವೆ ಅಗತ್ಯವಿರುವುದರಿಂದ ಚಿಕ್ಕ ಅವಧಿಗಳೂ ವ್ಯರ್ಥವಲ್ಲ. ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಯ ಬಳಿಕ ಉಪದಾನ ನೀಡುವ ಅವಕಾಶವು 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿದೆ.

ಯುವನಿಧಿಯ ಪ್ರಶ್ನೆ

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯು ಉತ್ತೀರ್ಣರಾಗಿ 180 ದಿನಗಳಾದರೂ ಕೆಲಸ ದೊರೆಯದ ಪದವೀಧರರಿಗೆ ಮಾಸಿಕ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ.ಗಳನ್ನು ಗರಿಷ್ಠ ಎರಡು ವರ್ಷ ನೀಡುವಂತೆ ರೂಪಿತವಾಗಿದೆ. ಖಾಸಗಿ ಕೆಲಸಕ್ಕೆ ಸೇರಿದರೂ ಅರ್ಹತೆ ಕೊನೆಗೊಳ್ಳುತ್ತದೆ. ಆದ್ದರಿಂದ ವೇತನದಲ್ಲಿ ಪ್ರಯಾಣ, ಊಟದ ವೆಚ್ಚ ಕಳೆದು ಉಳಿಯುವುದನ್ನು ಈ ಮೊತ್ತದೊಡನೆ ಹೋಲಿಸಿ ನೋಡಬೇಕು.

ಸಮಯವೇ ಬಂಡವಾಳ

ಎಂಟು ಗಂಟೆಯ ಪಾಳಿಗೆ ಮೂರು ಗಂಟೆಯ ಪ್ರಯಾಣ, ಏಳು ಗಂಟೆಯ ನಿದ್ರೆ ಸೇರಿದರೆ ದಿನದಲ್ಲಿ ಉಳಿಯುವುದು ಆರು ಗಂಟೆ. ಊಟ, ಮನೆಗೆಲಸ ಕಳೆದರೆ ಓದಿಗೆ ಎರಡು ಗಂಟೆ ಸಿಕ್ಕರೆ ಹೆಚ್ಚು. ವಾರಕ್ಕೊಮ್ಮೆ ಬದಲಾಗುವ ರಾತ್ರಿ ಪಾಳಿ ಅದನ್ನೂ ಕಸಿಯುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳ ವಯೋಮಿತಿ ಯಾರಿಗಾಗಿಯೂ ಕಾಯುವುದಿಲ್ಲ. ಸಂಬಳ ಸ್ವಲ್ಪ ಕಡಿಮೆಯಾದರೂ ಸ್ಥಿರ ಪಾಳಿಯ, ಮನೆಗೆ ಸಮೀಪದ ಅಥವಾ ಗುರಿಗೆ ಹತ್ತಿರವಾದ ಕೆಲಸವೇ ಉತ್ತಮ. ಬಿಡುವ ತಿಂಗಳನ್ನು ಸೇರುವ ದಿನವೇ ಗೊತ್ತುಮಾಡಿಕೊಂಡವರಿಗೆ ತಾತ್ಕಾಲಿಕವು ತಾತ್ಕಾಲಿಕವಾಗಿಯೇ ಉಳಿಯುತ್ತದೆ.