ಗರ್ಭಕೋಶದ ಮೇಲೆ ಹೊರಿಸಿದ ನೋವು

ನಮ್ಮ ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಹೆಂಗಸಿನ ಸೊಂಟಕ್ಕೆ ಬಿಡುವೆಂಬುದಿಲ್ಲ. ಕಾಯಿ ಹೊರುವುದು, ಅಟ್ಟದಲ್ಲಿ ವರ್ಷ ಒಣಗಿದ ಮೇಲೆ ಕೊಬ್ಬರಿ ಬಿಡಿಸುವುದು, ಕುಕ್ಕರಗಾಲಲ್ಲಿ ಕೂತು ಗರಿ ಸೀಳಿ ಪೊರಕೆ ಕಟ್ಟುವುದು. ಸಂಪಿಗೆಯ ಕಡೆ ವಯಸ್ಸಾದವರು "ಕಿಬ್ಬೊಟ್ಟೆ ಎಳಿತೈತೆ ಕಣವ್ವ" ಎಂದರೆ, ಕೇಳಿದವರೆಲ್ಲ ಕೊಡುವ ಉತ್ತರ ಒಂದೇ: "ಗರ್ಭಕೋಶದ್ದಿರಬೇಕು." ಕಿಬ್ಬೊಟ್ಟೆಯಲ್ಲಿ ಸ್ನಾಯುಗಳೂ ಇವೆಯೆಂಬುದು ಯಾರಿಗೂ ಹೊಳೆಯುವುದಿಲ್ಲ.

ವೈದ್ಯರಿಗೂ ಅದು ಹೊಳೆದದ್ದು ತಡವಾಗಿಯೇ. 1938ರಲ್ಲಿ ಲಂಡನ್ನಿನ ಕೆಲ್‌ಗ್ರೆನ್ ಎಂಬ ವೈದ್ಯರು ಸ್ನಾಯುಗಳಿಗೆ ಉಪ್ಪುನೀರು ಚುಚ್ಚಿ ನೋಡಿದರು. ಚುಚ್ಚಿದ್ದು ಒಂದು ಕಡೆ, ನೋವು ಕಂಡದ್ದು ಇನ್ನೊಂದು ಕಡೆ! ಅಮೆರಿಕದ ಜಾನೆಟ್ ಟ್ರಾವೆಲ್ ಎಂಬಾಕೆ ಇದರ ಬೆನ್ನುಹತ್ತಿ, ದುಡಿದು ದಣಿದ ಸ್ನಾಯುವಿನಲ್ಲಿ ಕಟ್ಟುವ ಗಂಟುಗಳನ್ನು ಬೆರಳಿನಿಂದಲೇ ಹುಡುಕಿ ಮದ್ದು ಚುಚ್ಚುತ್ತಿದ್ದರು. 1961ರಲ್ಲಿ ಕೆನಡಿಯವರ ವೈದ್ಯೆಯಾದರು. ಅಮೆರಿಕದ ಅಧ್ಯಕ್ಷರಿಗೆ ವೈದ್ಯೆಯಾದ ಮೊದಲ ಹೆಂಗಸು ಅವರೇ. ಸೈಮನ್ಸ್ ಜೊತೆ ಬರೆದ ಗ್ರಂಥದ 1992ರ ಎರಡನೆಯ ಸಂಪುಟದಲ್ಲಿ, ಗರ್ಭಕೋಶ ಮೂತ್ರಕೋಶಗಳನ್ನು ತಳದಿಂದ ಹೊತ್ತಿರುವ ಸ್ನಾಯುಗಳಿಗೂ ಜಾಗ ಸಿಕ್ಕಿತು.

ಈ ನಡುವೆ, 1979ರಲ್ಲಿ, ಪ್ರಾಗ್ ನಗರದ ಕಾರೆಲ್ ಲೆವಿಟ್ 241 ರೋಗಿಗಳ ಅನುಭವ ಬರೆದು, ಗುಣ ಮದ್ದಿನದಲ್ಲ, ಸೂಜಿಯದು ಎಂದರು. ಅದೇ ಇಂದಿನ 'ಡ್ರೈ ನೀಡ್ಲಿಂಗ್', ಮದ್ದಿಲ್ಲದ ಸೂಜಿ. ಅಕ್ಯುಪಂಕ್ಚರ್‌ನದರಂಥ ಸಣ್ಣ ಸೂಜಿಯೇ, ಆದರೆ ಹೋಗುವುದು ನೇರ ಆ ಗಂಟಿಗೆ. ಸ್ನಾಯು ಒಮ್ಮೆ ಅದುರಿ ಸಡಿಲವಾಗುತ್ತದೆ. ಕಿಬ್ಬೊಟ್ಟೆಯ ನೋವಿಗೆ ಪೃಷ್ಠ, ತೊಡೆಸಂದು, ಹೊಟ್ಟೆಯ ಸ್ನಾಯುಗಳಿಗೆ ಇದನ್ನು ಮಾಡುತ್ತಾರೆ, ಜೊತೆಗೆ ವ್ಯಾಯಾಮ, ಉಸಿರಾಟ. ಇದು ಮಂತ್ರವಲ್ಲ. ಈ ನೋವಿನಲ್ಲಿ ನಡೆದ ಪರೀಕ್ಷೆಗಳು ಇನ್ನೂ ಕಡಿಮೆ. ಕಲಿತ ಕೈ ಬೇಕು. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ಕಲಬುರಗಿ ಜಿಲ್ಲೆಯ ಸುದ್ದಿ ಮರೆಯಲಾಗುತ್ತಿಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದ ಲಂಬಾಣಿ, ದಲಿತ ಹೆಂಗಸರು ಗರ್ಭಕೋಶ ತೆಗೆಸಿಕೊಂಡು ಬಂದದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿ, ತನಿಖೆ ನಡೆಯಿತು. ಅವರ ನೋವೆಲ್ಲ ಸ್ನಾಯುವಿನದೆಂದು ನಾನು ಹೇಳುತ್ತಿಲ್ಲ. ಗಡ್ಡೆ, ಸೋಂಕು ಇದೆಯೇ ಎಂದು ಮೊದಲು ನೋಡಿಸಲೇಬೇಕು. ಅದೇನೂ ಇಲ್ಲವೆಂದ ಮೇಲೂ ನೋವು ಉಳಿದರೆ, ಕತ್ತರಿಗೆ ಒಪ್ಪುವ ಮುನ್ನ "ಡಾಕ್ಟ್ರೇ, ಇದು ಸ್ನಾಯುವಿನದಿರಬಹುದೇ?" ಎಂದು ಕೇಳಿ. ಕೇಳುವುದಕ್ಕೆ ನಾಚಿಕೆಪಡಬೇಡಿ.