‘ನಿಮ್ಮೋರದ್ದು ಗಟ್ಟಿ ಮೈ’: ಈ ಮಾತು ಎಲ್ಲಿಂದ ಬಂತು?

ಹೊಳಲೂರು ಸುತ್ತಮುತ್ತ ಹೆರಿಗೆಯ ಹಳೇ ನೆನಪು ಕೇಳುತ್ತಾ ಓಡಾಡುವಾಗ, ತಾಂಡಾದ ಅಜ್ಜಿಯೊಬ್ಬರು ತಮ್ಮ ಸೊಸೆಯ ಕಥೆ ಹೇಳಿದರು. ಆಸ್ಪತ್ರೆಯೊಂದರಲ್ಲಿ ಸೊಸೆ ನೋವು ತಾಳಲಾರದೆ ಕೂಗಿದಾಗ, ‘ನಿಮ್ಮೋರದ್ದು ಗಟ್ಟಿ ಮೈ, ನಾಟಕ ಮಾಡ್ಬೇಡ’ ಅಂದರಂತೆ. ಹೊಲಿಗೆ ಹಾಕುವಾಗ ಮರಗಟ್ಟಿಸುವ ಇಂಜೆಕ್ಷನ್ ಕೂಡ ಕೊಡಲಿಲ್ಲವಂತೆ.

ಅಂದವರು ಕ್ರೂರಿಗಳು ಅನ್ನಲು ನಮಗೆ ಮನಸ್ಸಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬರೇ ಸಿಸ್ಟರ್ ನೋಡುವುದನ್ನು ನಾವೂ ಕಂಡಿದ್ದೇವೆ. ಆದರೆ ಆ ಮಾತು ಅವರು ಹುಟ್ಟಿಸಿದ್ದಲ್ಲ. ಅದಕ್ಕೆ ದೊಡ್ಡ ಇತಿಹಾಸವಿದೆ.

ಅಮೆರಿಕದ ಅಲಬಾಮಾದಲ್ಲಿ 1845ರಿಂದ 1849ರವರೆಗೆ ಮೇರಿಯನ್ ಸಿಮ್ಸ್ ಎಂಬ ಡಾಕ್ಟರು ಗುಲಾಮ ಹೆಂಗಸರ ಮೇಲೆ ಶಸ್ತ್ರಚಿಕಿತ್ಸೆಯ ಪ್ರಯೋಗ ಮಾಡಿದ. ಹೆರಿಗೆಯಲ್ಲಿ ಒಳಗೆ ಹರಿದು, ಮೂತ್ರ ಸೋರುತ್ತಿದ್ದ ಹೆಂಗಸರು ಅವರು. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ಉಳಿದಿವೆ. ಅನಾರ್ಕಾಗೆ ಸುಮಾರು 30 ಸಲ ಕತ್ತರಿ ಹಾಕಿದ. 1846ರಲ್ಲಿ ಅರಿವಳಿಕೆಗೆ ಈಥರ್ ಬಂತು. ಆಮೇಲೂ ಇವರಿಗೆ ಅದನ್ನು ಕೊಡಲಿಲ್ಲ. ಕರಿಯರಿಗೆ ನೋವು ಕಡಿಮೆ ಅಂತ ಆಗಿನ ಬಿಳಿ ಡಾಕ್ಟರುಗಳು ನಂಬಿದ್ದರು. ನ್ಯೂಯಾರ್ಕಿನಲ್ಲಿದ್ದ ಅವನ ಪ್ರತಿಮೆಯನ್ನು ತೆಗೆದದ್ದು 2018ರಲ್ಲಿ.

1882ರಲ್ಲಿ ಎಂಗೆಲ್‌ಮನ್ ಎಂಬ ಇನ್ನೊಬ್ಬ ಅಮೆರಿಕನ್ ಡಾಕ್ಟರು ‘ಆದಿಮ’ ಜನರ ಹೆರಿಗೆ ಬಗ್ಗೆಯೇ ಒಂದು ಪುಸ್ತಕ ಬರೆದ. ಕಾಡಿನವರಿಗೆ, ಅಲೆಮಾರಿಗಳಿಗೆ ಹೆರಿಗೆ ಸಲೀಸು ಎಂಬ ನಂಬಿಕೆ ಆಗ ವೈದ್ಯರಲ್ಲಿ ಮಾಮೂಲು. ಹೋಗಲಿ, ಅದು ಹಳೇ ಕಾಲ ಅನ್ನೋಣವೆಂದರೆ, 2016ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದವರು ಬಿಳಿಯ ವೈದ್ಯ ವಿದ್ಯಾರ್ಥಿಗಳನ್ನೂ ಕಿರಿಯ ಡಾಕ್ಟರುಗಳನ್ನೂ ವಿಚಾರಿಸಿದಾಗ, ಸುಮಾರು ಅರ್ಧ ಜನ ‘ಕರಿಯರ ಚರ್ಮ ದಪ್ಪ’ ಎಂಬಂಥ ಒಂದಾದರೂ ಸುಳ್ಳನ್ನು ನಂಬಿದ್ದರು!

ನಮ್ಮಲ್ಲಿ ಬಣ್ಣದ ಜಾಗದಲ್ಲಿ ಜಾತಿ ಕೂತಿದೆ. ಹೊಳಲೂರಿಂದ ಹೊನ್ನಾಳಿ ಕಡೆ ಹೋದರೆ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಸಿಗುತ್ತದೆ. ಲಂಬಾಣಿಗರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದೇಶ ಸುತ್ತಿದವರು. ಬಾಣಂತಿಗಾಗಿ ದಂಡು ನಿಲ್ಲುತ್ತಿರಲಿಲ್ಲ, ಅವಳೂ ನಡೆಯಬೇಕಿತ್ತು. ನೋಡಿದವರು ಅದನ್ನು ‘ಗಟ್ಟಿ ಮೈ’ ಅಂದರು. ದಾರಿಯಲ್ಲೇ ತೀರಿಕೊಂಡವರ ಲೆಕ್ಕ ಯಾರೂ ಬರೆದಿಡಲಿಲ್ಲ.

ಸೂಲಗಿತ್ತಿಯರಿಗೂ ಹೀಗೇ ಆಯಿತು. ಬ್ರಿಟಿಷರ ಕಾಲದ ವೈದ್ಯರು ಅವರನ್ನು ಕೊಳಕರು, ದಡ್ಡರು ಅಂತ ಬರೆದರು. ತರಬೇತಿಗಾಗಿ 1903ರಲ್ಲಿ ಲೇಡಿ ಕರ್ಜನ್ ನಿಧಿ ಶುರುಮಾಡಿದ್ದು ನಿಜ, ಆದರೆ ಅವರ ಕೈಗುಣ ಏನೆಂದು ಕೇಳಿದವರು ಕಡಿಮೆ. ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ.

ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಅಜ್ಜಿಗೆ ಇದು ಗೊತ್ತಿರಲಿಲ್ಲ. ನಾವು ಹೇಳಿದಾಗ ಒಂದು ಗಳಿಗೆ ಸುಮ್ಮನಿದ್ದು, ‘ಅವತ್ತು ಬಾಗಿಲ ಹೊರಗೆ ಕೂತಿದ್ದೆ ಮಗಾ, ಒಳಗೆ ಅವಳ ಕೂಗು ಕೇಳ್ತಿತ್ತು’ ಅಂದರು.