ಸಮಯ ಸಾಮರಸ್ಯ: ಮಧುರೆ–ಮಾಗಡಿ ಸೀಮೆ

ಬೇರೆ ಬೇರೆ ಮತ, ಪಂಥ, ಜಾತಿಗಳವರು ತಮ್ಮೊಳಗಿನ ವ್ಯಾಜ್ಯ ತೀರಿಸಿಕೊಂಡು ಒಂದೇ ನೆಲದಲ್ಲಿ ಬಾಳಲು ಮಾಡಿಕೊಂಡ ಏರ್ಪಾಡುಗಳ ಇತಿಹಾಸ. ‘ಸಮಯ’ ಎಂದರೆ ಹಳೆಯ ಶಾಸನಗಳಲ್ಲಿ ಮತಪಂಥ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಸುತ್ತಲಿನ ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ಮಾಗಡಿ ಸೀಮೆಗಳಲ್ಲಿ ಈ ಬಗೆಯ ಏರ್ಪಾಡಿನ ಅತ್ಯಂತ ಖಚಿತ ದಾಖಲೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ. ಮಾಗಡಿ ಈಗ ಬೇರೆ ಜಿಲ್ಲೆಯಲ್ಲಿದ್ದರೂ 2007ರವರೆಗೆ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು. ಕಲ್ಯದ ಶಾಸನ ಪ್ರೀತಿ ವಿಶ್ವಾಸದ ಉಪದೇಶಕ್ಕಿಂತ ವ್ಯವಹಾರದ ಮಾತನ್ನೇ ಹೆಚ್ಚು ಆಡುತ್ತದೆ. ಅದು ಇಷ್ಟು ಕಾಲ ಮಾತಿಗೆ ಬರುತ್ತಿರುವುದೂ ಅದಕ್ಕೇ ಇರಬೇಕು.

ಮಧುರೆಯನ್ನು ಇಂದು ನಾಡು ಬಲ್ಲದ್ದು ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಯಿಂದ. ಶ್ರಾವಣ ಶನಿವಾರಗಳಲ್ಲಿ ಅಲ್ಲಿ ಜನಜಾತ್ರೆ. ಅಲ್ಲಿಂದ ಪಶ್ಚಿಮಕ್ಕೆ, ನೆಲಮಂಗಲ ತಾಲ್ಲೂಕಿನ ಮಣ್ಣೆ ಗಂಗರ ಕಾಲದಲ್ಲಿ ಮಾನ್ಯಪುರವೆಂಬ ರಾಜಧಾನಿಯಾಗಿತ್ತು. ಗಂಗರ ಸೇನಾನಿ ಶ್ರೀವಿಜಯ ಅಲ್ಲಿ ಕಟ್ಟಿಸಿದ ಜಿನಾಲಯಕ್ಕೆ 797ರಲ್ಲಿ ದತ್ತಿ ಬಿಟ್ಟದ್ದನ್ನು ತಾಮ್ರಪಟ ಹೇಳುತ್ತದೆ. ಅದೇ ಊರಿನಲ್ಲಿ ಕಪಿಲೇಶ್ವರನ ಗುಡಿಯೂ ಇದೆ. ಆ ಕಾಲಕ್ಕೆ ಜೈನರು ಅರಮನೆಯ ಆಸರೆಯಲ್ಲಿದ್ದವರು, ಯಾರ ರಕ್ಷಣೆಯನ್ನೂ ಬೇಡಬೇಕಿರಲಿಲ್ಲ. 12ನೇ ಶತಮಾನದಿಂದಾಚೆಗೆ ಗಾಳಿ ಬದಲಾಯಿತು. ರಾಮಾನುಜರು ಮೇಲುಕೋಟೆಯಲ್ಲಿ ನೆಲೆಸಿದ ಮೇಲೆ ಶ್ರೀವೈಷ್ಣವ ಮಠಗಳು ಬಲಗೊಂಡವು. ಇತ್ತ ವೀರಶೈವವೂ ಹಬ್ಬಿತು. ಕಲ್ಯದಲ್ಲೇ ಬಸವಪುರಾಣದ ಕರ್ತೃ ಪಾಲ್ಕುರಿಕೆ ಸೋಮನಾಥ ಐಕ್ಯನಾದನೆಂಬ ಪ್ರತೀತಿಯಿದೆ.

ವಿಜಯನಗರದ ಒಂದನೇ ಬುಕ್ಕರಾಯನ ಕಾಲಕ್ಕೆ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ನಡುವೆ ಜಗಳ ಹುಟ್ಟಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ದೊರೆಗೆ ಬಿನ್ನಹ ಮಾಡಿಕೊಂಡರು. ಈ ಕಲ್ಲೆಹವೇ ಇಂದಿನ ಕಲ್ಯ. ಶಕ 1290, ಕೀಲಕ ಸಂವತ್ಸರ, ಅಂದರೆ 1368ರಲ್ಲಿ ಬುಕ್ಕರಾಯ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಒಪ್ಪಿಸಿದ. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಸಾರಿದ.

ಬರೀ ಸಾರಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೇನೋ. ಶಾಸನ ಮುಂದಕ್ಕೆ ಹೋಗಿ ಷರತ್ತುಗಳನ್ನು ಹಾಕುತ್ತದೆ. ಪಂಚಮಹಾವಾದ್ಯ, ಕಲಶ ಎರಡೂ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಜಗಳದ ಮೂಲ ಮೆರವಣಿಗೆಯ ಮರ್ಯಾದೆಯಲ್ಲಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ. ಭಕ್ತರಿಂದ ಜೈನದರ್ಶನಕ್ಕೆ ಹಾನಿಯಾಗಲಿ ವೃದ್ಧಿಯಾಗಲಿ ಉಂಟಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಎಣಿಸಬೇಕು. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನ ನೆಡಬೇಕು. ಇನ್ನು ಹಣದ ವಿಚಾರ: ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು; ಅದರಿಂದ ಶ್ರವಣಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು, ಮಿಕ್ಕದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು. ಈ ಹಣದ ಉಸ್ತುವಾರಿ ವಹಿಸಿಕೊಂಡವರು ಜೈನರಲ್ಲ, ತಿರುಮಲೆಯ ತಾತಯ್ಯ. ದೂರು ಯಾರ ಮೇಲಿತ್ತೋ ಅದೇ ಪಂಗಡದ ಆಚಾರ್ಯರನ್ನೇ ಹೊಣೆಗಾರರನ್ನಾಗಿ ಮಾಡಿದ್ದು ದೊರೆಯ ಜಾಣತನ. ರಕ್ಷಣೆಯ ಖರ್ಚು ಮಾತ್ರ ರಕ್ಷಣೆ ಕೇಳಿದವರ ತಲೆಗೇ ಬಂತು ಎನ್ನುವುದನ್ನೂ ಮರೆಯುವಂತಿಲ್ಲ.

ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಮತ್ತೆ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಸಿ ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕನ ಪಟ್ಟ ಕಟ್ಟಿದರು. ಒಪ್ಪಂದ ಮುರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಪ್ರತಿ ಹೆಚ್ಚು ಹೆಸರಾಯಿತು. ಕಲ್ಯದ್ದು ಲೂಯಿಸ್ ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚಾಗಿದೆ.

ಬೆಳಗೊಳದ ಪ್ರತಿಯ ಎರಡು ಸಂಗತಿಗಳನ್ನು ಓದುಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಜೈನರ ಬಸದಿಯಲ್ಲಿ ನಿಂತ ಈ ಕಲ್ಲು ಶುರುವಾಗುವುದು ರಾಮಾನುಜರ ಸ್ತುತಿಯಿಂದ, ಅದೂ ಪಾಷಂಡಮತಗಳೆಂಬ ಕಡಲಿಗೆ ಅವರನ್ನು ಬಡಬಾಗ್ನಿ ಎಂದು ಕರೆಯುವ ಶ್ಲೋಕದಿಂದ. ಯಾರೂ ತಮ್ಮ ನಂಬಿಕೆ ಬಿಟ್ಟುಕೊಟ್ಟಿರಲಿಲ್ಲ. ಎರಡನೆಯದು, ಸಭೆಯಲ್ಲಿದ್ದವರ ಪಟ್ಟಿಯಲ್ಲಿ ತಿರುಕುಲ, ಜಾಂಬವಕುಲದವರ ಹೆಸರೂ ಇದೆ. ಇವರು ಅಸ್ಪೃಶ್ಯರೆನಿಸಿಕೊಂಡ ಜನ. ಮೇಲುಕೋಟೆಯಲ್ಲಿ ತಿರುಕುಲದವರಿಗೆ ವರ್ಷದ ಕೆಲವೇ ದಿನ ಗುಡಿಯ ಪ್ರವೇಶವಿತ್ತು. ಮತಗಳ ನಡುವಿನ ಒಪ್ಪಂದಕ್ಕೆ ಅವರು ಬೇಕಾದರು, ಜಾತಿಯ ಗೋಡೆ ಇದ್ದಲ್ಲೇ ಇತ್ತು.

ಈ ಸೀಮೆಯ ಹೊರಗಿನದಾದರೂ ಇದೇ ಜಾಡಿನಲ್ಲಿ 1638ರ ಹಳೇಬೀಡಿನ ಶಾಸನವೂ ಇದೆ. ಹುಚ್ಚಪ್ಪದೇವ ಎಂಬಾತ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಲಿಂಗಮುದ್ರೆ ಒತ್ತಿದ. ಜೈನನಾದ ವಿಜಯಪ್ಪ ಅದನ್ನು ಅಳಿಸಿದ. ವೀರಶೈವ ಮುಖಂಡರ ಕೂಟವಾದ ಮಹಾಮಹತ್ತು ಕೂಡಿ, ಜೈನರು ಮೊದಲು ವಿಭೂತಿ ವೀಳ್ಯ ಸಲ್ಲಿಸಿ ಆಮೇಲೆ ತಮ್ಮ ಪೂಜೆಯನ್ನು ಹಿಂದಿನಂತೆ ನಡೆಸಿಕೊಳ್ಳಲಿ ಎಂದು ತೀರ್ಮಾನಿಸಿತು. ಕಲ್ಯದ್ದಕ್ಕೆ ಹೋಲಿಸಿದರೆ ಇಲ್ಲಿ ತಕ್ಕಡಿ ಒಂದು ಕಡೆಗೆ ವಾಲಿದೆ. ಆದರೂ ಪೂಜೆ ಉಳಿಯಿತು.

ಮತ್ತೆ ಈ ಸೀಮೆಗೆ ಬಂದರೆ, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನನ ಬಗ್ಗೆ ಅಭಿಪ್ರಾಯಗಳು ಇಂದಿಗೂ ಕೂಡುವುದಿಲ್ಲ. 1791ರಲ್ಲಿ ಮರಾಠಾ ಪಡೆಗೆ ಸೇರಿದವರು ಶೃಂಗೇರಿ ಮಠವನ್ನು ಲೂಟಿ ಮಾಡಿದ ಮೇಲೆ ಶಾರದೆಯ ಪುನಃಪ್ರತಿಷ್ಠೆಗೆ ಹಣ, ಸಾಮಗ್ರಿ ಕೊಡುವಂತೆ ಆತ ಬಿದನೂರಿನ ಅಧಿಕಾರಿಗೆ ಆದೇಶಿಸಿದ್ದು ಮಾತ್ರ ಮಠದ ಕಡತದ ಪತ್ರಗಳಲ್ಲಿದೆ. 1916ರಲ್ಲಿ ಈ ಪತ್ರಗಳನ್ನು ಬೆಳಕಿಗೆ ತಂದ ಆರ್. ನರಸಿಂಹಾಚಾರ್ಯರೇ ಶ್ರವಣಬೆಳಗೊಳದ ಶಾಸನಗಳನ್ನು 1923ರಲ್ಲಿ ಪರಿಷ್ಕರಿಸಿ ಪ್ರಕಟಿಸಿದವರು.

ಈಗಿನ ಕಾಲದ ಉದಾಹರಣೆ ಬೆಂಗಳೂರು ಕರಗ. ತಿಗಳರು ನಡೆಸುವ ಈ ಉತ್ಸವ ಹೊಸಕೋಟೆ, ದೊಡ್ಡಬಳ್ಳಾಪುರಗಳಲ್ಲೂ ಉಂಟು. ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಹೂವಿನ ಕರಗ ಕಾಟನ್‌ಪೇಟೆಯ ಹಜರತ್ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಬರುತ್ತದೆ. ಇದಕ್ಕೆ ದೊರೆಯ ಶಾಸನವಿಲ್ಲ, ನಡೆದುಬಂದ ಪದ್ಧತಿಯಷ್ಟೇ ಆಧಾರ. ಹಾಗಾಗಿ ತಕರಾರು ಎದ್ದಾಗ ಉತ್ತರ ಕೊಡಬೇಕಾದವರು ಎರಡೂ ಕಡೆಯ ಹಿರಿಯರೇ. 2022ರ ಏಪ್ರಿಲ್‌ನಲ್ಲಿ ಕರಗ ದರ್ಗಾಕ್ಕೆ ಹೋಗಬಾರದೆಂದು ಕೆಲವರು ಒತ್ತಾಯಿಸಿದರು. ದರ್ಗಾದವರು ಗುಡಿಗೆ ಬಂದು ಕರಗವನ್ನು ಆಹ್ವಾನಿಸಿದರು, ಉತ್ಸವ ಸಮಿತಿಯವರು ಪದ್ಧತಿ ಬಿಡುವುದಿಲ್ಲ ಎಂದರು, ಕರಗ ಆ ವರ್ಷವೂ ಅದೇ ದಾರಿಯಲ್ಲಿ ನಡೆಯಿತು.